ಮನೆಯವರನ್ನೇ ದುಭಾಷಿಯಾಗಿ ಕೂರಿಸಬೇಡಿ

ಸಮೀಕ್ಷೆಗೆ ಉತ್ತರಿಸುವ ಮಹಿಳೆಗೆ ನಿಮ್ಮ ಭಾಷೆ ಬಾರದಿದ್ದರೆ ಅವರ ಮಗಳಿಂದಲೇ ಅನುವಾದ ಮಾಡಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಸಾಲ, ಗರ್ಭಪಾತ, ಗಂಡನ ಹೊಡೆತ ಇಂಥ ಪ್ರಶ್ನೆಗಳಿಗೆ ಮಗಳೆದುರು ಯಾವ ತಾಯಿ ಬಾಯಿಬಿಡುತ್ತಾಳೆ? ಮಗಳೂ ಅಷ್ಟೇ, ಅಮ್ಮನ ಮಾತಿಗೆ ಕಾಯದೆ ತನಗೆ ತಿಳಿದದ್ದನ್ನೇ ಹೇಳಿಬಿಡಬಹುದು. ಹೊರಗಿನವರೇ ಇರಲಿ, ಸಾಧ್ಯವಾದರೆ ಮಹಿಳೆಯೇ ಇರಲಿ.

ಹೊರಗಿನ ದುಭಾಷಿ ಇದ್ದರೂ ಪ್ರಶ್ನೆಗಳನ್ನು ಸ್ಥಳದಲ್ಲೇ ಅನುವಾದಿಸಲು ಬಿಡಬೇಡಿ. ಮೊದಲೇ ಅನುವಾದಿಸಿ, ಮತ್ತೊಬ್ಬರು ಓದಿ ತಿದ್ದಿದ ಪ್ರಶ್ನಾವಳಿ ಕೈಯಲ್ಲಿರಬೇಕು. ಹೆಚ್ಚು ಎಡವಟ್ಟಾಗುವುದು ಉತ್ತರದ ಆಯ್ಕೆಗಳಲ್ಲಿ: ‘ಯಾವಾಗಲೂ’, ‘ಆಗಾಗ’, ‘ಅಪರೂಪಕ್ಕೆ’ ಎಲ್ಲವೂ ದುಭಾಷಿಯ ಬಾಯಲ್ಲಿ ಬರೀ ‘ಹೌದು’ ಆಗಿಬಿಡುತ್ತವೆ. ಉತ್ತರಿಸುವ ಮಹಿಳೆ ಎರಡು ನಿಮಿಷ ಮಾತಾಡಿದ್ದು ನಿಮಗೆ ‘ಇಲ್ಲವಂತೆ’ ಎಂದಷ್ಟೇ ತಲುಪಿದರೆ ಮುಂದಕ್ಕೆ ಹೋಗಬೇಡಿ, ಪೂರ್ತಿ ಹೇಳುವಂತೆ ದುಭಾಷಿಯನ್ನು ಕೇಳಿ. ಇದರಲ್ಲಿ ಸಂಕೋಚ ಖಂಡಿತ ಸಲ್ಲದು. ನಿಮ್ಮ ನೋಟ ಮಾತ್ರ ಉತ್ತರಿಸುವವರ ಮೇಲೆಯೇ ಇರಲಿ.

ಸಮಯ ಹೆಚ್ಚು ಹಿಡಿಯುತ್ತದೆ, ಅದಕ್ಕೆ ಸಿದ್ಧರಾಗಿ. ಸಂದರ್ಶನದ ಭಾಷೆ ಯಾವುದು, ದುಭಾಷಿ ಇದ್ದರೇ ಎಂಬುದನ್ನು ಪ್ರತಿ ನಮೂನೆಯಲ್ಲೂ ದಾಖಲಿಸಿ. ಹಲವು ದೇಶಗಳಲ್ಲಿ ಜನಸಂಖ್ಯೆ ಮತ್ತು ಆರೋಗ್ಯದ ಬಗ್ಗೆ ನಡೆದಿರುವ ಡಿಎಚ್‌ಎಸ್ ಸಮೀಕ್ಷೆಗಳ ಮಾದರಿ ಪ್ರಶ್ನಾವಳಿಯಲ್ಲಿ ಇದಕ್ಕೆ ಪ್ರತ್ಯೇಕ ಜಾಗವೇ ಇದೆ. ಹಾಗೆ ಮಾಡಿದರೆ ವಿಶ್ಲೇಷಣೆಯಲ್ಲಿ ಆ ಉತ್ತರಗಳನ್ನು ಬೇರೆಯಾಗಿ ಪರಿಶೀಲಿಸಬಹುದು.