ಬಿಳಿ ನಾಣ್ಯ ತಗೊಳ್ಳಲಾ, ಬೂದು ನಾಣ್ಯ ತಗೊಳ್ಳಲಾ?

ಪ್ರಶ್ನೆ: ಸರ್, ನಮ್ಮೂರು ಹಾಸನ, ಈಗ ನ್ಯೂಜೆರ್ಸಿಯಲ್ಲಿದ್ದೀನಿ. ಹಳೇ ಅಮೆರಿಕನ್ ಬೆಳ್ಳಿ ನಾಣ್ಯದ ಹುಚ್ಚು ಹಿಡಿದಿದೆ. ಒಂದು ಕಾಯಿನ್ ಶೋನಲ್ಲಿ 1826ರ ಎರಡು ಹಾಫ್ ಡಾಲರ್ ನೋಡ್ದೆ, ಎರಡಕ್ಕೂ ಎಯು 55 ಗ್ರೇಡು, ಅಂದ್ರೆ ಸ್ವಲ್ಪವೇ ಸವೆದದ್ದು. ಒಂದು ಫಳಫಳ ಬಿಳಿ, ಇನ್ನೊಂದು ಬೂದು ಬಣ್ಣ, ಅಂಚಲ್ಲಿ ಸ್ವಲ್ಪ ನೀಲಿ. ಡೀಲರ್ ಬೂದಿಗೇ ಜಾಸ್ತಿ ರೇಟ್ ಹೇಳಿದ್ರು. ಲಸ್ಟರ್ ಅಂದ್ರೆ ಹೊಳಪು ತಾನೆ, ಹಾಗಾದ್ರೆ ಬಿಳಿದಲ್ವಾ ಒಳ್ಳೇದು?

ಉತ್ತರ: ಇಲ್ಲೇ ಎಲ್ಲರೂ ಎಡವೋದು, ನಾನೂ ಶುರುವಲ್ಲಿ ಇಂಥ ಬಿಳಿ ನಾಣ್ಯನೇ ತಗೊಂಡು ಖುಷಿಪಟ್ಟು ಆಮೇಲೆ ಮಾರಕ್ಕೆ ಹೋದಾಗ ಮುಖ ಸಪ್ಪಗೆ ಮಾಡ್ಕೊಂಡು ಬಂದಿದ್ದೀನಿ. ಹೊಳಪೆಲ್ಲ ಲಸ್ಟರ್ ಅಲ್ಲ. ಡೈ, ಅಂದ್ರೆ ಚಿತ್ರ ಕೊರೆದ ಅಚ್ಚು, ಬಂದು ಹೊಡೆದಾಗ ಬೆಳ್ಳಿ ನಡುವಿಂದ ಅಂಚಿನ ಕಡೆ ಹರಿಯುತ್ತೆ, ಹಾಗೆ ಹರಿದ ಸಣ್ಣ ಸಣ್ಣ ಗೆರೆಗಳು ಮೇಲ್ಮೈಯಲ್ಲಿ ಉಳ್ಕೋತವೆ, ಬೆಳಕು ಆ ಗೆರೆಗಳಿಗೆ ಬಡಿದು ವಾಪಸ್ ಬರುತ್ತಲ್ಲ ಅದು ಲಸ್ಟರ್. ರೇಷ್ಮೆ ಸೀರೆ ಸೆರಗನ್ನ ಸ್ವಲ್ಪ ತಿರುಗಿಸಿದ್ರೆ ಹೊಳಪು ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡುತ್ತಲ್ಲ, ಹಾಗೆ ನಾಣ್ಯ ವಾಲಿಸಿದ್ರೆ ಬೆಳಕಿನ ಪಟ್ಟಿ ಚಕ್ರದ ಕಡ್ಡಿಗಳ ಥರ ಸುತ್ತಬೇಕು. ಉಜ್ಜಿದ ಸ್ಟೀಲ್ ತಟ್ಟೆನೂ ಹೊಳೆಯುತ್ತೆ, ಆದ್ರೆ ಅದರಲ್ಲಿ ಏನೂ ಓಡಲ್ಲ, ಸುಮ್ನೆ ಕಣ್ಣಿಗೆ ಹೊಡೆಯುತ್ತೆ ಅಷ್ಟೆ.

ಸುಮಾರು 200 ವರ್ಷದ ಬೆಳ್ಳಿ ಗಾಳಿಲಿರೋ ಗಂಧಕಕ್ಕೋ, ಇಟ್ಟ ಕಾಗದದ ಗಂಧಕಕ್ಕೋ ಬೂದಾಗೋದು ಸಹಜ, ಬೆಳ್ಳಗಿದೆ ಅಂದ್ರೆ ಯಾರೋ ಡಿಪ್ ಮಾಡಿರ್ತಾರೆ ಅಂತ್ಲೇ ಇಟ್ಕೊಳ್ಳಿ. ಡಿಪ್ ಅಂದ್ರೆ ಆಸಿಡ್ ಇರೋ ದ್ರಾವಣ, ಅದು ಕಪ್ಪಿನ ಜೊತೆಗೆ ಬೆಳ್ಳಿಯ ತೆಳ್ಳನೆ ಪದರನ್ನೂ ತಿನ್ನುತ್ತೆ. ಒಂದು ಸಲ, ಅದೂ ಬೇಗ ತೆಗೆದ್ರೆ ಗೊತ್ತೇ ಆಗಲ್ಲ. ಎರಡು ಮೂರು ಸಲ ಆದ್ರೆ ಆ ಗೆರೆಗಳೇ ಸವೆದು ನಾಣ್ಯ ಸುಣ್ಣ ಹೊಡೆದ ಗೋಡೆ ಥರ ಬೆಳ್ಳಗೆ, ಜೀವ ಇಲ್ದೆ ಕಾಣುತ್ತೆ. ಬೂದು ನಾಣ್ಯನ ವಾಲಿಸಿ ನೋಡಿ, ಬೂದಿನ ಕೆಳಗೇ ಪಟ್ಟಿ ಓಡ್ತಿದ್ರೆ ಡೀಲರ್ ಹೇಳಿದ್ದು ಸರಿ. ಓಡ್ಲಿಲ್ಲ ಅಂದ್ರೆ ಅದು ಬರೀ ಮಂಕು ನಾಣ್ಯ, ಒರಿಜಿನಲ್ ಅನ್ನೋ ಹೆಸರಲ್ಲಿ ಅದಕ್ಕೂ ಜಾಸ್ತಿ ದುಡ್ಡು ಕೇಳೋರಿದ್ದಾರೆ.

ಈ ಸೀರೀಸ್‌ಗೆ ಒಂದು ವಿಶೇಷ ಇದೆ. 1804ರಲ್ಲಿ ಬೆಳ್ಳಿ ಡಾಲರ್ ಹೊಡೆಯೋದು ನಿಂತ್ಮೇಲೆ ಮೂವತ್ತು ವರ್ಷ ಹಾಫ್ ಡಾಲರೇ ದೊಡ್ಡ ಬೆಳ್ಳಿ ನಾಣ್ಯ, ಬ್ಯಾಂಕ್‌ಗಳು ಮೂಟೆ ಕಟ್ಟಿ ಒಂದರಿಂದ ಇನ್ನೊಂದಕ್ಕೆ ಸಾಗಿಸ್ತಿದ್ವು. ಜನರ ಕೈಯಲ್ಲಿ ಹೆಚ್ಚು ಓಡಾಡದೆ ಮೂಟೆಯಲ್ಲೇ ಒಂದಕ್ಕೊಂದು ತಿಕ್ಕಿರೋದ್ರಿಂದ ಚಿತ್ರದ ಸುತ್ತಲಿನ ಖಾಲಿ ಬಯಲಲ್ಲಿ ಲಸ್ಟರ್ ಚೆನ್ನಾಗಿದ್ರೂ ನಾಣ್ಯದ ಮೇಲಿರೋ ಹೆಣ್ಣಿನ ಚಿತ್ರ ಲಿಬರ್ಟಿಯ ಕೆನ್ನೆ, ಹುಬ್ಬಿನ ಮೇಲಿನ ಕೂದಲು ಮಾತ್ರ ಮಂಕಾಗಿರುತ್ತೆ. ಅದೇ ಎದೆ ಮೇಲಿನ ಕ್ಲಾಸ್ಪ್, ಅಂದ್ರೆ ಬಟ್ಟೆಯ ಕೊಂಡಿ, ಅಳಿಸಿದ ಹಾಗಿದ್ರೆ ತಕ್ಷಣ ಸವೆತ ಅಂದ್ಕೋಬೇಡಿ, 1836ಕ್ಕೆ ಉಗಿ ಯಂತ್ರ ಬರೋವರೆಗೂ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಆಳುಗಳು ಕೈಯಲ್ಲೇ ಸ್ಕ್ರೂ ಪ್ರೆಸ್ ತಿರುಗಿಸ್ತಿದ್ರು, ಒತ್ತು ಎಲ್ಲಾ ಕಡೆ ಒಂದೇ ಸಮ ಬೀಳ್ತಿರ್ಲಿಲ್ಲ. ಸವೆದಿದ್ರೆ ಆ ಜಾಗದ ಬಣ್ಣ ಬದಲಾಗಿರುತ್ತೆ, ಒತ್ತು ಬಿದ್ದಿಲ್ಲ ಅಂದ್ರೆ ಆಕಾರ ಮೊಂಡಾಗಿದ್ರೂ ಬಣ್ಣ ಸುತ್ತಲಿನ ಹಾಗೇ ಇರುತ್ತೆ. ಇನ್ನೊಂದು, ಹೊಸ ಡೈಯಿಂದ ಬಂದ ನಾಣ್ಯ ನುಣುಪಾಗಿ ಕನ್ನಡಿ ಥರ, ಸವೆದ ಡೈದು ದಟ್ಟ ಮಂಜಿನ ಥರ, ಎರಡೂ ಅಸಲಿನೇ.

ನೋಡುವಾಗ ಒಂದೇ ಬಲ್ಬಿನ ಕೆಳಗೆ ನೋಡಿ, ಶೋಗಳಲ್ಲಿ ಸಾಲಾಗಿ ಎಲ್‌ಇಡಿ ಹಾಕಿರ್ತಾರೆ, ಅದರಲ್ಲಿ ಸತ್ತ ನಾಣ್ಯನೂ ನಗುತ್ತೆ. ಆನ್‌ಲೈನ್ ಆದ್ರೆ ಫೋಟೋ ಸಾಕಾಗಲ್ಲ, ವಾಲಿಸ್ತಾ ತೆಗೆದ ವಿಡಿಯೋ ಕೇಳಿ. ಆಮೇಲೆ ದಯವಿಟ್ಟು ಮನೆಯವರಿಗೆ ಹೇಳಿಡಿ, ದೇವರ ದೀಪದ ಜೊತೆ ಇದನ್ನೂ ವಿಭೂತಿ ಹಾಕಿ ತಿಕ್ಕಿಬಿಟ್ರೆ ಕಥೆ ಮುಗೀತು.

ಪ್ರಶ್ನೆ: 1795ರ ಡಾಲರ್ ಒಂದರಲ್ಲಿ ಕೂದಲಿನ ಮೇಲೆ ಸಮಾನಾಂತರ ಗೀರುಗಳಿವೆ, ಆದ್ರೂ ಒಳ್ಳೇ ಗ್ರೇಡ್ ಕೊಟ್ಟಿದ್ದಾರೆ. ಬೇಡ ಅನ್ಲಾ?

ಉತ್ತರ: ಅದು ಅಡ್ಜಸ್ಟ್‌ಮೆಂಟ್ ಮಾರ್ಕ್ ಇರಬೇಕು. ಡಾಲರ್ ತೂಕ ಸುಮಾರು 27 ಗ್ರಾಂ ಇರ್ಬೇಕಿತ್ತು, ಬಿಲ್ಲೆ ಜಾಸ್ತಿ ತೂಗಿದ್ರೆ ಹೊಡೆಯೋಕೆ ಮುಂಚೆನೇ ಅರದಿಂದ ಉಜ್ಜಿ ಸರಿ ಮಾಡ್ತಿದ್ರು. ಒತ್ತು ಜೋರಾಗಿ ಬಿದ್ದ ಕಡೆ ಆ ಗೆರೆ ಅಳಿಸಿಹೋಗಿ ಉಬ್ಬಿದ ಜಾಗದಲ್ಲಿ, ಅಂಚಲ್ಲಿ ಉಳಿದಿರುತ್ತೆ. ಟಂಕಸಾಲೆಯಲ್ಲೇ ಆದದ್ದು, ಹಾಗಾಗಿ ಡ್ಯಾಮೇಜ್ ಅಂತ ಲೆಕ್ಕ ಇಲ್ಲ, ಆಮೇಲೆ ಬಿದ್ದ ಗೀರಾದ್ರೆ ಚಿತ್ರವನ್ನೇ ಕೊಯ್ದು ಪಕ್ಕದಲ್ಲಿ ಬೆಳ್ಳಿ ಎದ್ದು ನಿಂತಿರುತ್ತೆ. ಆದ್ರೆ ಕಣ್ಣಿಗೆ ಹಿತ ಅನ್ನೋದು ಬೇರೆ ವಿಷಯ, ಸರಿಯಾಗಿ ಕೆನ್ನೆ ಮೇಲೇ ನಾಲ್ಕು ಗೆರೆ ಅಡ್ಡ ಹೋಗಿದ್ರೆ ನಾನಂತೂ ರೇಟ್ ಇಳಿಸದೆ ತಗೊಳ್ಳಲ್ಲ.