ಎಫ್‌ಐಆರ್‌ನ ಕಲಂಗಳನ್ನು ಕೂಡಿಸಿ ಶಿಕ್ಷೆಯ ಲೆಕ್ಕ ಹಾಕಬೇಡಿ

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ಬದುವಿನ ವಿಷಯಕ್ಕೆ ಪಕ್ಕದ ಜಮೀನಿನವರೊಡನೆ ಜಗಳವಾಯಿತು. ನನ್ನ ತಮ್ಮ ದಾರಿಗೆ ಅಡ್ಡ ನಿಂತು, ಬೈದು, ಗುದ್ದಲಿಯಿಂದ ಹೊಡೆದನೆಂದು ಅವರು ದೂರು ಕೊಟ್ಟಿದ್ದಾರೆ. ಅವರ ಮುಂಗೈಗೆ ಏಟು ಬಿದ್ದಿದೆ. ಪೊಲೀಸರು ತಮ್ಮನನ್ನು ಬಂಧಿಸಿದರು, ಮ್ಯಾಜಿಸ್ಟ್ರೇಟರು ನ್ಯಾಯಾಂಗ ಬಂಧನಕ್ಕೆ ಕಳಿಸಿದ್ದಾರೆ. ಎಫ್‌ಐಆರ್‌ನಲ್ಲಿ ಭಾರತೀಯ ನ್ಯಾಯ ಸಂಹಿತೆಯ 115(2), 118(1), 126(2), 351(2), 352 ಎಂದು ಬರೆದಿದೆ. ನಮ್ಮ ದೊಡ್ಡಪ್ಪ ಎಲ್ಲವನ್ನೂ ಕೂಡಿಸಿ ಎಂಟು ವರ್ಷ ಜೈಲು ಎನ್ನುತ್ತಿದ್ದಾರೆ. ಅವ್ವ ಸರಿಯಾಗಿ ಊಟ ಮಾಡುತ್ತಿಲ್ಲ. ತಪ್ಪೊಪ್ಪಿಕೊಂಡು ಬೇಗ ಮುಗಿಸಿಕೊಳ್ಳಿ ಎಂದು ಊರಿನ ಕೆಲವರು ಹೇಳುತ್ತಾರೆ. ತಮ್ಮ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದ. ಅವನ ಗತಿ ಏನು?

ಉತ್ತರ: ಮೊದಲು ನಿಮ್ಮ ಅವ್ವನಿಗೆ ಧೈರ್ಯ ಹೇಳಿ. ಎಂಟು ವರ್ಷ ಎಂಬ ಲೆಕ್ಕ ತಪ್ಪು. ದೊಡ್ಡಪ್ಪನವರು ಪ್ರತಿ ಕಲಮಿನ ಗರಿಷ್ಠ ಶಿಕ್ಷೆಯನ್ನು ಕೂಡಿಸಿದ್ದಾರೆ. 118(1)ಕ್ಕೆ (ಆಯುಧದಿಂದ ಗಾಯ) ಮೂರು ವರ್ಷ, 351(2) (ಬೆದರಿಕೆ) ಮತ್ತು 352ಕ್ಕೆ (ಕೆರಳಿಸುವಂತೆ ಅವಮಾನಿಸುವುದು) ಎರಡೆರಡು ವರ್ಷ, 115(2)ಕ್ಕೆ (ಸಾಧಾರಣ ಗಾಯ) ಒಂದು ವರ್ಷ, 126(2)ಕ್ಕೆ (ದಾರಿಗೆ ಅಡ್ಡ ನಿಲ್ಲುವುದು) ಒಂದು ತಿಂಗಳು. ಇವೆಲ್ಲ ನ್ಯಾಯಾಧೀಶರು ದಾಟಬಾರದ ಮಿತಿಗಳೇ ಹೊರತು, ಕೊಡಲೇಬೇಕಾದ ಶಿಕ್ಷೆಗಳಲ್ಲ. ಈ ಐದರಲ್ಲಿ ಒಂದಕ್ಕೂ ಕನಿಷ್ಠ ಶಿಕ್ಷೆಯನ್ನು ಕಾನೂನು ಗೊತ್ತುಮಾಡಿಲ್ಲ. 118(1)ರಲ್ಲಿ ಅಪರಾಧ ಸಾಬೀತಾದರೂ ಜೈಲಿನ ಬದಲು 20,000 ರೂಪಾಯಿವರೆಗಿನ ದಂಡವನ್ನಷ್ಟೇ ವಿಧಿಸಬಹುದು. ಜೊತೆಗೆ, ಒಂದೇ ಕೃತ್ಯ ಎರಡು ಕಲಂಗಳ ಅಡಿ ಬಂದಾಗ, ಅವುಗಳಲ್ಲಿ ಒಂದಕ್ಕೆ ಕೊಡಬಹುದಾದುದಕ್ಕಿಂತ ಹೆಚ್ಚಿನ ಶಿಕ್ಷೆ ಕೊಡುವಂತಿಲ್ಲ ಎಂದು ಸಂಹಿತೆಯ 9ನೇ ಕಲಂ ಹೇಳುತ್ತದೆ. ಮುಂಗೈಗೆ ಬಿದ್ದ ಆ ಒಂದೇ ಏಟಿಗೆ 115(2)ರಲ್ಲಿ ಬೇರೆ, 118(1)ರಲ್ಲಿ ಬೇರೆ ಎಂದು ಎರಡು ಸಲ ಶಿಕ್ಷಿಸಲಾಗದು. ಉಳಿದ ಆರೋಪಗಳು ಸಾಬೀತಾದರೂ ಶಿಕ್ಷೆಗಳು ಏಕಕಾಲಕ್ಕೆ ಸಾಗಲಿ ಎಂದು ನ್ಯಾಯಾಲಯ ಆದೇಶಿಸಬಹುದು.

ಈಗ ನೀವು ಗಮನ ಕೊಡಬೇಕಾದ ಕಲಂ ಒಂದೇ, 118(1). ಅಪಾಯಕಾರಿ ಆಯುಧದಿಂದ ಗಾಯಗೊಳಿಸುವುದು. 2024ರ ಜುಲೈ 1ಕ್ಕೆ ಮೊದಲು ಇದನ್ನೇ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 324 ಎನ್ನುತ್ತಿದ್ದರು. ನೀವು ಹೇಳಿದ ಐದರಲ್ಲಿ ಜಾಮೀನುರಹಿತವಾದದ್ದು ಇದೊಂದೇ. ನಿಮ್ಮ ತಮ್ಮ ಒಳಗಿರುವುದು ಇದರಿಂದ. ಜಾಮೀನುರಹಿತ ಎಂದರೆ ಜಾಮೀನು ಸಿಗುವುದೇ ಇಲ್ಲ ಎಂದು ಬಹಳ ಮಂದಿ ತಿಳಿದು ಕಂಗಾಲಾಗುತ್ತಾರೆ. ಹಾಗಲ್ಲ. ಜಾಮೀನು ಹಕ್ಕಾಗಿ ಸಿಗುವುದಿಲ್ಲ, ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿದ್ದು ಎಂದಷ್ಟೇ ಅರ್ಥ. ಮ್ಯಾಜಿಸ್ಟ್ರೇಟರ ಮುಂದೆಯೇ ಅರ್ಜಿ ಹಾಕಿ. ತಿರಸ್ಕೃತವಾದರೆ ಸೆಷನ್ಸ್ ನ್ಯಾಯಾಲಯವಿದೆ. ಜಾಮೀನುದಾರರ ಪಹಣಿ, ಗುರುತಿನ ಚೀಟಿ ಮೊದಲೇ ಸಿದ್ಧವಿರಲಿ. ಆದೇಶವಾದ ಮೇಲೂ ಕಾಗದವಿಲ್ಲದೆ ಜೈಲಿನಲ್ಲೇ ಉಳಿದವರನ್ನು ನೋಡಿ ನೋಡಿ ಹೊಟ್ಟೆ ಉರಿಯುತ್ತದೆ.

ಬಂಧನದ ಬಗ್ಗೆಯೂ ವಕೀಲರು ಕೇಳಲೇಬೇಕಾದ ಪ್ರಶ್ನೆಗಳಿವೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕಂಡ ತಕ್ಷಣ ಬಂಧಿಸಬಾರದು, ಬಂಧನ ಏಕೆ ಅಗತ್ಯ ಎಂದು ಕಾರಣ ದಾಖಲಿಸಬೇಕು, ಅಗತ್ಯವಿಲ್ಲದಿದ್ದರೆ ಹಾಜರಾಗಲು ನೋಟಿಸ್ ಕೊಡಬೇಕು. 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿ ಹೇಳಿದೆ. ಬಂಧನ, ಜಾಮೀನು, ವಿಚಾರಣೆಗಳ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನಲ್ಲೂ ಅದಿದೆ. ಬಂಧನದ ಆಧಾರಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ಲಿಖಿತವಾಗಿ ಕೊಡಬೇಕೆಂದು 2025ರ ನವೆಂಬರ್‌ನಲ್ಲಿ ಅದೇ ನ್ಯಾಯಾಲಯ ತೀರ್ಪಿತ್ತಿದೆ. ನಿಮ್ಮ ತಮ್ಮನಿಗೆ ಅಂಥ ಕಾಗದ ಕನ್ನಡದಲ್ಲಿ ಸಿಕ್ಕಿತೇ? ಸಿಗದಿದ್ದರೆ ಅದನ್ನು ನ್ಯಾಯಾಧೀಶರ ಗಮನಕ್ಕೆ ತರಬೇಕು. ಹಳ್ಳಿಯ ಹುಡುಗನಿಗೆ ಇದೆಲ್ಲ ಏನು ಗೊತ್ತು ಎಂಬ ಉಡಾಫೆಯನ್ನು ಒಪ್ಪಿಕೊಳ್ಳಬೇಡಿ.

ಮುಂದಿನ ದಿಕ್ಕನ್ನು ನಿರ್ಧರಿಸುವ ಕಾಗದವೆಂದರೆ ಗಾಯಾಳುವಿನ ಗಾಯದ ಪ್ರಮಾಣಪತ್ರ ಮತ್ತು ಎಕ್ಸ್-ರೇ. ಎಫ್‌ಐಆರ್‌ನಲ್ಲಿರುವ ಕಲಂಗಳು ದೂರುದಾರರ ಮಾತಿನ ಆಧಾರದ ಮೇಲೆ ಬರೆದವು. ತನಿಖೆಯಲ್ಲಿ ಅವು ಹೆಚ್ಚಬಹುದು, ಕಡಿಮೆಯಾಗಬಹುದು. ಮೂಳೆ ಮುರಿದಿದ್ದರೆ ಅದು ತೀವ್ರ ಸ್ವರೂಪದ ಗಾಯ. ಆಯುಧದಿಂದಾದ ತೀವ್ರ ಗಾಯಕ್ಕೆ 118(2) ಬರುತ್ತದೆ. ಅದರಲ್ಲಿ ಕನಿಷ್ಠ ಒಂದು ವರ್ಷ, ಗರಿಷ್ಠ ಜೀವಾವಧಿ. ಇದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ಬರೀ ಊತ, ತರಚುಗಾಯ ಎಂದು ವೈದ್ಯರು ಬರೆದಿದ್ದರೆ ಮಾತು ಬೇರೆ. ಗುದ್ದಲಿಯ ಅಲಗು ತಗುಲಿತೇ, ಕಾವು ತಗುಲಿತೇ ಎಂಬುದೂ ಮುಖ್ಯ. ಕಡಿಯುವ ಇಲ್ಲವೇ ಇರಿಯುವ ಸಾಧನವೋ, ಸಾವು ತರುವಂಥ ಆಯುಧವೋ ಆಗಿದ್ದರೆ ಮಾತ್ರ 118 ನಿಲ್ಲುತ್ತದೆ. ನಿಲ್ಲದಿದ್ದರೆ ಉಳಿಯುವುದು 115(2): ಒಂದು ವರ್ಷದವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ, ಜಾಮೀನು ಹಕ್ಕಾಗಿಯೇ ಸಿಗುತ್ತದೆ. ಒಂದು ವಿಚಿತ್ರವನ್ನೂ ಹೇಳಬೇಕು. ಬರಿಗೈಯಲ್ಲಿ ಹೊಡೆದು ಮೂಳೆ ಮುರಿದರೆ 117(2), ಏಳು ವರ್ಷದವರೆಗೆ ಶಿಕ್ಷೆ, ಆದರೂ ಅದು ಜಾಮೀನು ಸಹಿತ. ಮೂರು ವರ್ಷದ 118(1) ಜಾಮೀನುರಹಿತ. ಆದ್ದರಿಂದ ವರ್ಷಗಳ ಸಂಖ್ಯೆ ನೋಡಿ ಕಲಮಿನ ತೂಕ ಅಳೆಯಲು ಹೋಗಬೇಡಿ.

ಈಗಿನ ಕಲಂಗಳಲ್ಲೇ 60 ದಿನಗಳೊಳಗೆ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಜಾಮೀನು ಪಡೆಯುವ ಹಕ್ಕು ನಿಮ್ಮ ತಮ್ಮನಿಗೆ ಬರುತ್ತದೆ. ಆದರೆ ತಾನಾಗಿ ಸಿಗುವುದಿಲ್ಲ, ಪಟ್ಟಿ ಸಲ್ಲಿಕೆಯಾಗುವ ಮೊದಲೇ ಅರ್ಜಿ ಹಾಕಬೇಕು. ಪಟ್ಟಿ ಬಂದು ಅದರ ಪ್ರತಿಗಳು ಕೈಗೆ ಸಿಕ್ಕ 60 ದಿನಗಳಲ್ಲಿ, ಆರೋಪಕ್ಕೆ ಆಧಾರವಿಲ್ಲ ಎನಿಸಿದರೆ ಪ್ರಕರಣದಿಂದಲೇ ಬಿಡುಗಡೆ ಕೋರಬಹುದು.

ತಪ್ಪೊಪ್ಪಿಗೆಯ ಸಲಹೆ ಅಪಾಯಕಾರಿ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಾಗುವುದಿಲ್ಲ, ನಿಜ. ಆದರೂ ಖಾಲಿ ಹಾಳೆಗೆ ಸಹಿ ಹಾಕುವುದು ಬೇಡ. ದಂಡ ಕಟ್ಟಿ ಮುಗಿಸೋಣವೆಂದು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರಂತೂ ಅದು ಅಪರಾಧ ನಿರ್ಣಯವೇ. ನೌಕರಿಯ ಕನಸಿಗೆ ಅದರಷ್ಟು ದೊಡ್ಡ ಪೆಟ್ಟು ಇನ್ನೊಂದಿಲ್ಲ. ರಾಜಿಗೆ ಮಾತ್ರ ದಾರಿಯಿದೆ. ಉಳಿದ ನಾಲ್ಕು ಕಲಂಗಳು ರಾಜಿಗೆ ಯೋಗ್ಯ. 118(1)ಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ರಾಜಿಯಾಗುವಂತಿಲ್ಲ. ಆದರೆ ಎರಡೂ ಕಡೆಯವರು ಮನಸಾರೆ ಒಪ್ಪಿದರೆ, ಪ್ರಕರಣ ರದ್ದುಪಡಿಸುವಂತೆ ಬೆಂಗಳೂರಿನ ಹೈಕೋರ್ಟನ್ನು ಕೋರಬಹುದು. ಬದುವಿನ ಜಗಳಗಳಲ್ಲಿ ಇದೇ ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ, ಅಳತೆ ಮಾಡಿಸಿ ಬದು ಗುರುತಿಸಿಕೊಂಡ ಮೇಲೆ. ಗಾಯಾಳುವಿನ ಮೇಲೆ ಒತ್ತಡ ಹೇರುವುದು, ಮನೆಗೆ ಹೋಗಿ ಗದರಿಸುವುದು ಕೂಡದು; ಸಿಕ್ಕ ಜಾಮೀನೂ ರದ್ದಾದೀತು. ಪ್ರತಿದೂರು ಕೊಡುವುದಾದರೆ ನಿಜವಾಗಿ ನಡೆದದ್ದನ್ನಷ್ಟೇ ಬರೆಯಿರಿ.

ವಿಚಾರಣೆಯಲ್ಲಿ 118(1) ಸಾಬೀತಾದರೂ, ಮೊದಲ ತಪ್ಪಾಗಿದ್ದರೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಜೈಲಿಗೆ ಕಳಿಸದೆ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡಲು ನ್ಯಾಯಾಧೀಶರಿಗೆ ಅಧಿಕಾರವಿದೆ. ಜೈಲು ಶಿಕ್ಷೆಯಾದರೆ ಈಗ ಒಳಗಿರುವ ದಿನಗಳು ಅದರಲ್ಲಿ ವಜಾ ಆಗುತ್ತವೆ.

ನೌಕರಿಯ ವಿಷಯ. ಪ್ರಕರಣ ದಾಖಲಾದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ. ಮುಚ್ಚಿಟ್ಟರೆ ಮುಚ್ಚಬಹುದು. ದೃಢೀಕರಣ ನಮೂನೆಯಲ್ಲಿ ಬಂಧನ, ಪ್ರಕರಣಗಳ ಬಗ್ಗೆ ಕೇಳಿದಾಗ ಇದ್ದದ್ದನ್ನು ಬರೆಯಲೇಬೇಕೆಂದು 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸತ್ಯ ಬರೆದವರ ವಿಷಯದಲ್ಲಿ ಅಪರಾಧದ ಸ್ವರೂಪ ನೋಡಿ ನೇಮಕಾತಿ ಪ್ರಾಧಿಕಾರ ತೀರ್ಮಾನಿಸುತ್ತದೆ. ಓದು ನಿಲ್ಲಿಸಬೇಡ ಎಂದು ಅವನಿಗೆ ಹೇಳಿ, ಜೈಲಿಗೆ ಪುಸ್ತಕ ಕೊಡಲು ಅಧಿಕಾರಿಗಳ ಅನುಮತಿ ಕೇಳಿ.

ವಕೀಲರ ಶುಲ್ಕದ ಚಿಂತೆಯಿದ್ದರೆ ನಾಳೆಯೇ ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಸಹಾಯವಾಣಿ 15100. ಹೋಗುವಾಗ ಎಫ್‌ಐಆರ್ ಪ್ರತಿ, ಬಂಧನದ ಕಾಗದ, ಮುಂದಿನ ಹಾಜರಾತಿಯ ದಿನಾಂಕ ಮೂರನ್ನೂ ತೆಗೆದುಕೊಂಡು ಹೋಗಿ.