ನೀತಿಗೆ ಮತವೇ ಆಧಾರವೇ?

ದೇವರ ಭಯವಿಲ್ಲದವನಿಗೆ ನೀತಿ ಎಲ್ಲಿಂದ ಬರಬೇಕು ಎಂದು ತಾವು ಕೇಳಿದ್ದೀರಿ. ನೀತಿಯನ್ನು ಕಲಿಸುವಲ್ಲಿ ಮತಗಳ ಪಾಲು ದೊಡ್ಡದು. ಆದರೆ ನೀತಿಯ ಬೇರು ಅಲ್ಲಿಯೇ ಇದೆ ಎಂದು ನಾನು ಒಪ್ಪಲಾರೆ. (ಕನ್ನಡದಲ್ಲಿ ‘ಧರ್ಮ’ ಎಂಬ ಒಂದೇ ಮಾತು ಎರಡಕ್ಕೂ ಸಲ್ಲುವುದರಿಂದ ಗೊಂದಲ ಹೆಚ್ಚು.) ಒಳ್ಳೆಯದೆಂದು ದೇವರು ಮೆಚ್ಚುತ್ತಾನೆಯೋ, ದೇವರು ಮೆಚ್ಚಿದ್ದರಿಂದ ಒಳ್ಳೆಯದಾಯಿತೋ ಎಂಬುದು ಸಾಕ್ರಟೀಸನ ಹಳೆಯ ಪ್ರಶ್ನೆ, ಎರಡನೆಯದೇ ನಿಜವಾದರೆ ಅಪ್ಪಣೆಯಾದೊಡನೆ ಕ್ರೌರ್ಯವೂ ಒಳಿತಾಗಬೇಕಾಗುತ್ತದೆ. ನಮ್ಮ ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ವರ್ಷಗಳ ಬಳಿಕ, ಅಲ್ಲಿನ ಎಣ್ಮಕಜೆ ಗ್ರಾಮದಲ್ಲಿ ಕತ್ತು ನಿಲ್ಲದ ಮಗುವನ್ನು ಸೊಂಟದಲ್ಲಿ ಹೊತ್ತು ನಿಂತ ತಾಯಿಯನ್ನು ಕಂಡಾಗ, ಆಕೆಯ ಮತ ಯಾವುದೆಂದು ತಿಳಿಯುವ ಮೊದಲೇ ಇದು ಅನ್ಯಾಯವೆಂದು ಮನಸ್ಸು ಕೂಗುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಾದ್ಯಂತ ತಡೆದದ್ದು ಸಂವಿಧಾನದ 21ನೆಯ ವಿಧಿ ಕೊಟ್ಟ ಬದುಕುವ ಹಕ್ಕಿನ ಆಧಾರದ ಮೇಲೆ.